ಇಪ್ಪತ್ತು ಗ್ಯಾಸ್ ಕಲಿಸಿದ ಪಾಠ

2025ರ ಡಿಸೆಂಬರ್ 3ರಂದು ಎಥೀರಿಯಂ ಬ್ಲಾಕ್‌ಚೈನ್‌ಗೆ 'ಫುಸಾಕ' ಎಂಬ ಪರಿಷ್ಕರಣೆ ಬಂತು. ನಮ್ಮ ಹಾಸ್ಟೆಲ್ ಗೆಳೆಯರಿಗೆಲ್ಲ ಕಾಯಿನ್ ಬೆಲೆ ಏರುತ್ತದೋ ಇಳಿಯುತ್ತದೋ ಎಂಬುದೇ ಚಿಂತೆ. ನನ್ನ ಗಮನ ಹೋದದ್ದು ಅದರೊಳಗಿನ ಎರಡು ಸಣ್ಣ ಬದಲಾವಣೆಗಳತ್ತ. ದೊಡ್ಡ ಸಂಖ್ಯೆಗಳ ಘಾತ ಲೆಕ್ಕ ಹಾಕುವ 'ಮಾಡ್‌ಎಕ್ಸ್‌ಪ್' ಸೌಲಭ್ಯದ ಕನಿಷ್ಠ ದರ 200 ಗ್ಯಾಸ್‌ನಿಂದ 500ಕ್ಕೆ ಏರಿತು. ಒಂದು ವಹಿವಾಟು ಬಳಸಬಹುದಾದ ಗ್ಯಾಸ್‌ಗೆ 1,67,77,216ರ ಮಿತಿ ಬಿತ್ತು. ಸಂಕೇತಗಳ ಕಡತದಲ್ಲಿ ಒಂದೆರಡು ಅಂಕಿ ಬದಲಾದರೆ ಏನು ಮಹಾ ಅನ್ನಿಸಬಹುದು. ಆದರೆ ಈ ಅಂಕಿಗಳು ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೆ ಚರಿತ್ರೆಯೇ ಇದೆ.

ಸ್ಮಾರ್ಟ್ ಕಾಂಟ್ರ್ಯಾಕ್ಟ್ ಎಂದರೆ ಜಗತ್ತಿನಾದ್ಯಂತ ಸಾವಿರಾರು ಕಂಪ್ಯೂಟರ್‌ಗಳು ಒಂದೇ ರೀತಿ ನಡೆಸುವ ಪ್ರೋಗ್ರಾಂ. ಯಾರೋ ಕೊನೆಯಿಲ್ಲದ ಲೂಪ್ ಬರೆದರೆ ಎಲ್ಲವೂ ಸಿಕ್ಕಿಕೊಳ್ಳುತ್ತವೆ. ಪ್ರೋಗ್ರಾಂ ನಿಲ್ಲುತ್ತದೋ ಇಲ್ಲವೋ ಎಂದು ಮುಂಚಿತವಾಗಿ ಹೇಳುವ, ಎಲ್ಲಕ್ಕೂ ಅನ್ವಯಿಸುವ ವಿಧಾನವಿಲ್ಲ ಎಂಬುದನ್ನು ನಾವು ಟ್ಯೂರಿಂಗ್ ಹೆಸರಿನಲ್ಲಿ ಓದಿದ್ದೇವೆ. ಅದಕ್ಕೇ ಇಲ್ಲಿ ಮೀಟರ್ ಹಾಕಿದ್ದಾರೆ. ಕೂಡುವ ಸೂಚನೆಗೆ 3 ಗ್ಯಾಸ್, ಹಣ ಕಳಿಸುವ ಸರಳ ವಹಿವಾಟಿಗೆ 21,000 ಗ್ಯಾಸ್. ಕಟ್ಟಿದ ಗ್ಯಾಸ್ ಮುಗಿದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ.

ಮೀಟರ್ ಇದ್ದರೆ ಸಾಲದು, ದರ ಸರಿಯಿರಬೇಕು. ಹಿಟ್ಟಿನ ಗಿರಣಿಯಲ್ಲಿ ರಾಗಿಗೆ ಒಂದು ದರ, ಮೆಣಸಿನಕಾಯಿಗೆ ಇನ್ನೊಂದು. ಹೆಚ್ಚು ಹೊತ್ತು ಹಿಡಿಯುವ ಕೆಲಸಕ್ಕೂ ರಾಗಿಯದೇ ದರ ಹಾಕಿದರೆ, ಅದನ್ನೇ ಮೂಟೆಗಟ್ಟಲೆ ತಂದು ಸುರಿಯುವವರು ಬರುತ್ತಾರೆ. ಸಾಲಿನಲ್ಲಿ ಕಾಯುವವರು ಉಳಿದವರು.

2016ರ ಸೆಪ್ಟೆಂಬರ್‌ನಲ್ಲಿ ಆದದ್ದು ಇದೇ. ಇನ್ನೊಂದು ಕಾಂಟ್ರ್ಯಾಕ್ಟ್‌ನ ಗಾತ್ರ ಕೇಳುವ 'ಎಕ್ಸ್‌ಟಿಕೋಡ್‌ಸೈಜ್' ಸೂಚನೆಯ ದರ ಬರೀ 20 ಗ್ಯಾಸ್ ಇತ್ತು. ನಿಜದಲ್ಲಿ ಅದು ಡಿಸ್ಕ್‌ನಿಂದ ಮಾಹಿತಿ ಓದಬೇಕಾಗಿತ್ತು. ದಾಳಿಕೋರರು ಒಂದೊಂದು ಬ್ಲಾಕ್‌ನಲ್ಲಿ ಸುಮಾರು 50,000 ಬಾರಿ ಅದನ್ನು ಕರೆದರು. ಅಂಥ ಬ್ಲಾಕ್ ಪರಿಶೀಲಿಸಲು 20ರಿಂದ 60 ಸೆಕೆಂಡ್ ಹಿಡಿಯತೊಡಗಿತು. ಯಾರೂ ಬೀಗ ಒಡೆದಿರಲಿಲ್ಲ, ನಿಯಮದಂತೆ ದರ ಕಟ್ಟಿಯೇ ಜಾಲವನ್ನು ಕುಂಟಿಸಿದ್ದರು. ಅಕ್ಟೋಬರ್ 18ರ ಪರಿಷ್ಕರಣೆಯಲ್ಲಿ ಆ ದರ 700ಕ್ಕೆ ಏರಿತು, ಸಂಗ್ರಹ ಓದುವ 'ಎಸ್‌ಲೋಡ್' 50ರಿಂದ 200 ಆಯಿತು.

ಇಂಥ ದೋಷ ಹಿಡಿಯುವುದು ಕಷ್ಟ. ಏಕೆಂದರೆ ಪ್ರೋಗ್ರಾಂ ಕೊಡುವ ಉತ್ತರ ಸರಿಯಾಗಿಯೇ ಇರುತ್ತದೆ. ಯಾವ ಟೆಸ್ಟ್ ಕೇಸ್ ಕೂಡ ವಿಫಲವಾಗುವುದಿಲ್ಲ. ನಮ್ಮ ಲ್ಯಾಪ್‌ಟಾಪ್‌ನ ಪರೀಕ್ಷಾ ಜಾಲದಲ್ಲಿ ಇಡೀ ದತ್ತಾಂಶ ಮೆಮೊರಿಯಲ್ಲೇ ಹಿಡಿಸುವುದರಿಂದ ದುಬಾರಿ ಸೂಚನೆಯೂ ಅಗ್ಗವಾಗಿ ಕಾಣುತ್ತದೆ. ಹಾಗಾಗಿ ತುಂಬಿದ ಡೇಟಾಬೇಸ್ ಮೇಲೆ, ಅತಿ ಕೆಟ್ಟ ಇನ್‌ಪುಟ್ ಕೊಟ್ಟು, ಪ್ರತಿ ಸೂಚನೆಯೂ ಒಂದು ಗ್ಯಾಸ್‌ಗೆ ಎಷ್ಟು ಸಮಯ ತಿನ್ನುತ್ತದೆ ಎಂದು ಅಳೆಯಬೇಕು. ಸರಾಸರಿ ನೋಡಿದರೆ ಪ್ರಯೋಜನವಿಲ್ಲ. ದಾಳಿಕೋರ ಸರಾಸರಿ ಇನ್‌ಪುಟ್ ಕೊಡುವುದಿಲ್ಲ.

ಹಾಗಾದರೆ ಎಲ್ಲ ದರವನ್ನೂ ಏರಿಸಿಬಿಡೋಣವೇ? ಅದಕ್ಕೂ ಬೆಲೆ ತೆರಬೇಕು. 2019ರ ಡಿಸೆಂಬರ್‌ನಲ್ಲಿ ಎಸ್‌ಲೋಡ್ 800ಕ್ಕೆ ಏರಿದಾಗ, 2,300 ಗ್ಯಾಸ್‌ನೊಳಗೆ ಕೆಲಸ ಮುಗಿಯುತ್ತದೆಂದು ನಂಬಿ ಬರೆದಿದ್ದ ಕೆಲವು ಹಳೆಯ ಕಾಂಟ್ರ್ಯಾಕ್ಟ್‌ಗಳು ನೇರವಾಗಿ ಹಣ ಸ್ವೀಕರಿಸಲಾರದೆ ಹೋದವು. ಒಮ್ಮೆ ಏರಿಸಿದ ಸಂಕೇತವನ್ನು ಸಾಮಾನ್ಯವಾಗಿ ತಿದ್ದುವಂತಿಲ್ಲ. 2021ರಲ್ಲಿ ಇನ್ನಷ್ಟು ಜಾಣ ದಾರಿ ಹುಡುಕಿದರು: ಒಂದು ವಹಿವಾಟಿನಲ್ಲಿ ಸಂಗ್ರಹದ ಜಾಗವೊಂದನ್ನು ಮೊದಲ ಬಾರಿ ಓದಿದರೆ 2,100 ಗ್ಯಾಸ್, ಅದನ್ನೇ ಮತ್ತೆ ಓದಿದರೆ 100. ನಿಜವಾದ ಶ್ರಮಕ್ಕೆ ಹತ್ತಿರವಾದ ದರ ಎಂದರೆ ಇದು.

ಈಗ ಈ ಮಾತಿಗೆ ತುರ್ತು ಬಂದಿದೆ. ಒಂದು ಬ್ಲಾಕ್‌ನ ಗ್ಯಾಸ್ ಮಿತಿ 2025ರ ಒಂದೇ ವರ್ಷದಲ್ಲಿ 3 ಕೋಟಿಯಿಂದ 6 ಕೋಟಿಗೆ ಏರಿದೆ. ಬ್ಲಾಕ್ ಎರಡು ಪಟ್ಟಾದರೆ, ದರ ತಪ್ಪಿದ ಒಂದು ಸೂಚನೆ ಮಾಡಬಲ್ಲ ಹಾನಿಯೂ ಎರಡು ಪಟ್ಟು. ಅದನ್ನು ಮೊದಲು ತಾಳಲಾರದವರು ಮನೆಯ ಸಾಧಾರಣ ಕಂಪ್ಯೂಟರ್‌ನಲ್ಲಿ ಜಾಲ ನಡೆಸುವವರು. ಅವರು ಹಿಂದೆ ಸರಿದರೆ ದೊಡ್ಡ ಸರ್ವರ್ ಇರುವವರಷ್ಟೇ ಉಳಿಯುತ್ತಾರೆ, 'ಎಲ್ಲರ ಜಾಲ' ಎಂಬ ಮಾತು ಬರೀ ಮಾತಾಗುತ್ತದೆ.

ನಮ್ಮಂಥ ವಿದ್ಯಾರ್ಥಿಗಳಿಗೆ ಇದರಲ್ಲಿ ಕಲಿಯುವುದಿದೆ. ಅಲ್ಗಾರಿದಮ್ ತರಗತಿಯಲ್ಲಿ ಪ್ರತಿ ಹೆಜ್ಜೆಗೂ ಒಂದೇ ಬೆಲೆ ಎಂದು ಲೆಕ್ಕ ಹಾಕುತ್ತೇವೆ. ಯಂತ್ರಕ್ಕೆ ಹಾಗಿಲ್ಲ. ಬ್ಲಾಕ್‌ಚೈನ್ ಕೆಲಸ ಹುಡುಕುವವರು ಭಾಷೆಯ ಸರ್ಟಿಫಿಕೇಟ್ ಜೊತೆಗೆ ಅಳೆಯುವ ಅಭ್ಯಾಸವನ್ನೂ ಬೆಳೆಸಿಕೊಳ್ಳಲಿ. ಕಾಂಟ್ರ್ಯಾಕ್ಟ್ ಬರೆಯುವಾಗ ಇವತ್ತಿನ ಗ್ಯಾಸ್ ದರ ನಾಳೆಯೂ ಇರುತ್ತದೆಂದು ನಂಬಬೇಡಿ. ಕ್ಲೌಡ್ ಬಿಲ್ ಇರಲಿ, ಎಪಿಐ ಮಿತಿ ಇರಲಿ, ಯಾರೋ ಕೂತು ಬರೆದ ದರಪಟ್ಟಿ ಎಲ್ಲ ಕಡೆಯೂ ಇದೆ. ಅದು ನಿಜವಾದ ವೆಚ್ಚಕ್ಕೆ ಹೊಂದುತ್ತದೆಯೇ ಎಂದು ಕೇಳುವವರು ಬೇಕಾಗಿದ್ದಾರೆ.