ಕಲ್ಲಿನ ವಿದ್ಯೆ ಕಲ್ಲೊಡೆಯುವವನಿಗೂ ಸಲ್ಲಬೇಕು

ಕಳೆದ ವರ್ಷ ಆರು ತಿಂಗಳ ಕಾಲ ವಾರಕ್ಕೊಂದು ಮಧ್ಯಾಹ್ನ ನಾನು ಪಕ್ಷದ ಕಚೇರಿಯಲ್ಲಿ ಸಿಗುತ್ತಿರಲಿಲ್ಲ. ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದ ಸಂಗಾತಿಗಳಿಗೆ, "ಕಾಲೇಜಿಗೆ, ಕಲ್ಲು ಓದಲು" ಎಂದಾಗ ಕೆಲವರು ನಕ್ಕರು. ಕಲ್ಲಿಗೂ ಒಂದು ಓದು ಬೇಕೆ ಎಂದು ಒಬ್ಬರು ಕೇಳಿಯೇ ಬಿಟ್ಟರು. ಆ ನಗುವಿಗೂ ಆ ಪ್ರಶ್ನೆಗೂ ಉತ್ತರವಾಗಿ ಈ ಲೇಖನ. ನನ್ನ ಮಾತು ಇಷ್ಟೇ: ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಹೇಳಿಕೊಡುವ ಭೂಗರ್ಭಶಾಸ್ತ್ರ ಮತ್ತು ಅದರ ಪ್ರಯೋಗಶಾಲೆ ದುಡಿಯುವ ಜನರಿಗೂ ತೆರೆದಿರಬೇಕು. ಇದನ್ನು ನಾವು ಕೂಲಿಯ ಬೇಡಿಕೆಯಷ್ಟೇ ಗಟ್ಟಿಯಾಗಿ ಕೇಳಬೇಕು.

ನಾನು ಮೆಟ್ರಿಕ್ ತನಕ ಮಾತ್ರ ಓದಿದವನು. ಕೆಲವು ವರ್ಷ ಸಣ್ಣ ಶಾಲೆಯೊಂದರಲ್ಲಿ ಮಕ್ಕಳಿಗೆ ಪಾಠ ಹೇಳಿ, ಆಮೇಲೆ ಪಕ್ಷದ ಕೆಲಸಕ್ಕೆ ಬಂದವನು. ಭೂಗರ್ಭಶಾಸ್ತ್ರ ಕಲಿಯಬೇಕೆಂದು ಕಾಲೇಜಿನ ಕಚೇರಿಗೆ ಹೋದಾಗ ಗುಮಾಸ್ತರು ತಲೆಯೆತ್ತದೆ, "ಪಿಯುಸಿಯಲ್ಲಿ ವಿಜ್ಞಾನ ಇತ್ತೇ?" ಎಂದರು. ಪಿಯುಸಿಯೇ ಆಗಿಲ್ಲ ಎಂದೆ. "ಹಾಗಾದರೆ ಇಲ್ಲಿ ನಿಮಗೇನು ಕೆಲಸ?" ಎಂಬುದೇ ಉತ್ತರ. ಅವರನ್ನು ದೂರಿ ಫಲವಿಲ್ಲ, ನಿಯಮ ಹಾಗಿದೆ. ಕಡೆಗೆ ಆ ವಿಷಯದ ಅಧ್ಯಾಪಕರೊಬ್ಬರು ಕರುಣೆಯಿಂದ, ಪ್ರಯೋಗಶಾಲೆಯ ಹಿಂದಿನ ಬೆಂಚಿನಲ್ಲಿ ಕೂರಲು ಬಿಟ್ಟರು. ಹಾಜರಿಯಿಲ್ಲ, ಪರೀಕ್ಷೆಯಿಲ್ಲ, ಪ್ರಮಾಣಪತ್ರವೂ ಇಲ್ಲ. ಆದರೆ ವಿದ್ಯೆ ಕರುಣೆಯಿಂದ ಸಿಗುವ ವಸ್ತುವಾಗಬಾರದು ಎಂಬ ಮಾತು ಆವತ್ತೇ ಮನಸ್ಸಿಗೆ ನಾಟಿತು.

ಮೊದಲ ದಿನ ನಮ್ಮ ಮುಂದೆ ಒಂದು ತಟ್ಟೆಯಲ್ಲಿ ಇಪ್ಪತ್ತು ಕಲ್ಲು ಇಟ್ಟರು. ಹೆಸರಿಲ್ಲ, ಬರಿಯ ಸಂಖ್ಯೆ. ಪುಸ್ತಕ ಮುಚ್ಚಿಡಿ, ಕಲ್ಲನ್ನು ಕೈಗೆತ್ತಿಕೊಳ್ಳಿ ಎಂದರು ಅಧ್ಯಾಪಕರು. ಬಣ್ಣ ನೋಡು, ಆದರೆ ಬಣ್ಣವನ್ನು ನಂಬಬೇಡ. ಹೊಳಪು ನೋಡು. ಉಗುರಿನಿಂದ ಗೀರು, ಗೀರು ಬೀಳದಿದ್ದರೆ ತಾಮ್ರದ ಕಾಸಿನಿಂದ, ಅದಕ್ಕೂ ಬಗ್ಗದಿದ್ದರೆ ಉಕ್ಕಿನ ಚಾಕುವಿನಿಂದ. ಕಾಠಿಣ್ಯದ ಈ ಲೆಕ್ಕವನ್ನು 1812ರಲ್ಲಿ ಜರ್ಮನಿಯ ಮೊಹ್ಸ್ ಎಂಬ ವಿದ್ವಾಂಸ ಒಂದರಿಂದ ಹತ್ತರವರೆಗೆ ಮೆಟ್ಟಿಲು ಕಟ್ಟಿ ಇಟ್ಟ. ತೀರ ಕೆಳಗಿನ ಮೆಟ್ಟಿಲು ಟಾಲ್ಕ್ ಎಂಬ ಮೆದು ಖನಿಜ, ಮೇಲಿನದು ವಜ್ರ. ಉಗುರು ಎರಡೂವರೆ, ಚಾಕು ಐದೂವರೆ. ಟಾಲ್ಕ್ ಎಂದರೆ ಬೇರೇನೂ ಅಲ್ಲ, ನಾವು ಸ್ಲೇಟಿನ ಮೇಲೆ ಬರೆಯುತ್ತಿದ್ದ ಬಿಳಿಯ ಬಳಪದ ಕಲ್ಲಿನಲ್ಲಿರುವುದು ಅದೇ. ಬೇಲೂರು ಹಳೇಬೀಡುಗಳ ಶಿಲ್ಪ ಅಷ್ಟು ನಯವಾಗಿರುವುದಕ್ಕೆ ಬಳಪದ ಕಲ್ಲಿನ ಮೆದುತನವೂ ಒಂದು ಕಾರಣ.

ಅಂಗಡಿಯ ಬಂಧುಗಳು ಇದು ತಮಗೆ ಸಂಬಂಧಿಸಿದ್ದಲ್ಲ ಎಂದುಕೊಳ್ಳಬಾರದು. ಕಿರಾಣಿ ಅಂಗಡಿಯೇ ಒಂದು ಸಣ್ಣ ಖನಿಜ ಸಂಗ್ರಹ. ಸೈಂಧವ ಲವಣದ ಗಟ್ಟಿಯನ್ನು ಒಡೆದು ನೋಡಿ. ಚೂರು ಎಷ್ಟು ಸಣ್ಣದಾದರೂ ಮೂಲೆಗಳು ಚೌಕವಾಗಿಯೇ ಒಡೆಯುತ್ತವೆ. ಕೆಮ್ಮಣ್ಣಿಗೆ ಕೆಂಪು ಬಂದದ್ದು ಕಬ್ಬಿಣದಿಂದ. ಸಂಡೂರಿನ ಅದಿರನ್ನು ಉಜ್ಜಿದರೂ ಅದೇ ಕೆಂಪು. ಅಂಗಡಿಗೆ ಹಾಸಿದ ಶಹಾಬಾದಿನ ಕಲ್ಲಿನ ಮೇಲೆ ನಿಂಬೆರಸ ಬಿದ್ದರೆ ಕಲೆ ಏಕೆ ಉಳಿಯುತ್ತದೆ? ಅದು ಸುಣ್ಣದ ಕಲ್ಲು, ಹುಳಿ ಅದನ್ನು ತಿನ್ನುತ್ತದೆ. ಪ್ರಯೋಗಶಾಲೆಯಲ್ಲಿ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿಟ್ಟರೆ ಸುಣ್ಣದ ಕಲ್ಲು ಬುಸುಬುಸು ನೊರೆಯುತ್ತದೆ.

ಇನ್ನೊಂದು ಪರೀಕ್ಷೆ ನನಗೆ ಮರೆಯಲಾರದ್ದು. ಖನಿಜವನ್ನು ಮೆರುಗಿಲ್ಲದ ಪಿಂಗಾಣಿ ಬಿಲ್ಲೆಯ ಮೇಲೆ ಉಜ್ಜಿ, ಬಿದ್ದ ಗೆರೆಯ ಬಣ್ಣ ನೋಡುವುದು. ಅಧ್ಯಾಪಕರು ಅದನ್ನು 'ಸ್ಟ್ರೀಕ್' ಎಂದರು. ಹುಡುಗರು ಬರೆದುಕೊಂಡರು, ತಿಳಿದಂತೆ ಕಾಣಲಿಲ್ಲ. "ಸಾರ್, ಇದು ಅಕ್ಕಸಾಲಿ ಒರೆಗಲ್ಲಿಗೆ ಹಚ್ಚಿ ನೋಡುವ ಹಾಗೆಯೇ ಅಲ್ಲವೇ?" ಎಂದೆ. ಪಕ್ಕದಲ್ಲಿದ್ದ ಹುಡುಗನ ಮುಖ ಅರಳಿತು. ಅವನು ಅಕ್ಕಸಾಲಿಗರ ಮನೆಯವನು. ಪೈರೈಟು ಎಂಬ ಖನಿಜ ನೋಡಲು ಥೇಟು ಚಿನ್ನ. ಒರೆ ಹಚ್ಚಿದರೆ ಚಿನ್ನ ಹಳದಿ ಗೆರೆ ಬಿಡುತ್ತದೆ, ಪೈರೈಟು ಕಪ್ಪು. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಇಲ್ಲಿ ಕೈಯಿಂದಲೇ ಕಲಿಯಬಹುದು. ನೂರಾರು ವರ್ಷಗಳಿಂದ ನಮ್ಮ ಪೇಟೆಬೀದಿಯಲ್ಲಿರುವ ವಿದ್ಯೆಗೆ ಇಂಗ್ಲಿಷ್ ಚೀಟಿ ಅಂಟಿಸಿ, ನಮ್ಮ ಮಕ್ಕಳಿಗೇ ಅದು ಅಪರಿಚಿತವಾಗುವಂತೆ ಮಾಡಿದ್ದೇವೆ.

ಇಷ್ಟೇ ಆಗಿದ್ದರೆ ಇದೊಂದು ಮನರಂಜನೆ ಎಂದು ಸುಮ್ಮನಿರಬಹುದಿತ್ತು. ಆದರೆ ಒಂದು ದಿನ ಅಧ್ಯಾಪಕರ ಅಪ್ಪಣೆ ಪಡೆದು ನಮ್ಮ ಸಂಘದ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋದೆ. ಇಪ್ಪತ್ತೆರಡು ವರ್ಷ ಜಲ್ಲಿ ಕ್ರಷರಿನಲ್ಲಿ ದುಡಿದವರು. ತಟ್ಟೆಯ ಮುಂದೆ ಕೂತವರೇ ಏಳನೆಯ ಕಲ್ಲನ್ನು ಅಂಗೈಯಲ್ಲಿ ತೂಗಿ, "ಮೇಷ್ಟ್ರೇ, ಇದು ಬೆಣಚು. ಚಾಕುಗೀಕು ಇದಕ್ಕೆ ನಾಟೋದಿಲ್ಲ, ಸುತ್ತಿಗೆ ಹಾಕಿದರೆ ಕಿಡಿ ಹಾರುತ್ತೆ" ಎಂದರು. ಹುಡುಗರು ಅರ್ಧ ಗಂಟೆ ಪರೀಕ್ಷಿಸಿ ಬರೆದ ಉತ್ತರವೂ ಅದೇ: ಕ್ವಾರ್ಟ್ಜ್, ಕಾಠಿಣ್ಯ ಏಳು. ಹೊಳೆಯುವ ತೆಳು ಪದರವನ್ನು ತೋರಿಸಿದರೆ "ಕಾಗೆಬಂಗಾರ" ಎಂದರು. ಅಧ್ಯಾಪಕರು ಎದ್ದು ಬಂದು ಅವರ ಕೈ ಕುಲುಕಿದರು.

ಆಮೇಲೆ ಅಧ್ಯಾಪಕರು ಹೇಳಿದ ಮಾತು ಆ ಹಿರಿಯರಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಬೆಣಚುಕಲ್ಲೆಂದರೆ ಸಿಲಿಕಾ. ಗ್ರಾನೈಟಿನಲ್ಲಿ ಸಾಮಾನ್ಯವಾಗಿ ಕಾಲು ಭಾಗದಷ್ಟು ಬೆಣಚೇ ಇರುತ್ತದೆ. ಕಲ್ಲು ಒಡೆಯುವಾಗ, ಕೊರೆಯುವಾಗ, ಕೊಯ್ಯುವಾಗ ಏಳುವ ಧೂಳಿನಲ್ಲಿ ಕೂದಲೆಳೆಯ ಹತ್ತರಲ್ಲೊಂದು ಪಾಲಿಗಿಂತಲೂ ಸಣ್ಣ ಕಣಗಳಿರುತ್ತವೆ. ಮೂಗಿಗೆ ಕಟ್ಟಿದ ವಸ್ತ್ರ ಅವನ್ನು ತಡೆಯದು. ಅವು ಶ್ವಾಸಕೋಶದ ತಳಕ್ಕೆ ಹೋಗಿ ಕೂತು ಗಂಟುಕಟ್ಟುತ್ತವೆ. ಅದಕ್ಕೆ ಸಿಲಿಕೋಸಿಸ್ ಎಂದು ಹೆಸರು. ಬಂದ ಮೇಲೆ ಗುಣಪಡಿಸುವ ಮದ್ದಿಲ್ಲ. ಬಾರದಂತೆ ತಡೆಯುವ ದಾರಿ ಮಾತ್ರ ಇದೆ. ನೀರು ಚಿಮುಕಿಸುವುದು, ಯಂತ್ರಕ್ಕೆ ಮುಚ್ಚಳ ಹಾಕುವುದು, ಧೂಳನ್ನು ಹೀರಿ ಹೊರಹಾಕುವುದು. ಆ ಹಿರಿಯರನ್ನು ಹಿಡಿದ ಕೆಮ್ಮಿಗೆ ಎರಡು ಬಾರಿ ಕ್ಷಯವೆಂದು ಮದ್ದು ಕೊಟ್ಟಿದ್ದರು. ಸಿಲಿಕೋಸಿಸ್ ಅನ್ನು ಕ್ಷಯವೆಂದು ತಿಳಿಯುವುದು ಸಾಮಾನ್ಯ. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ಬೇಗ ತಗಲುವುದೂ ಉಂಟು. ಅವರಿಗೆ ಇರುವುದು ಯಾವುದೆಂದು ನಾನು ತೀರ್ಮಾನಿಸಲಾರೆ. ಆದರೆ ನೀವು ಏನು ಕೆಲಸ ಮಾಡುತ್ತೀರಿ, ಯಾವ ಕಲ್ಲು ಒಡೆಯುತ್ತೀರಿ ಎಂದು ಯಾವ ವೈದ್ಯರೂ ಅವರನ್ನು ಕೇಳಿರಲಿಲ್ಲ. ಕೇಳಿ ಎಂದು ಹೇಳಲು ಅವರಿಗೂ ತಿಳಿದಿರಲಿಲ್ಲ.

ಇದು ಹೊಸ ಸುದ್ದಿಯೂ ಅಲ್ಲ. ಕೋಲಾರದ ಗಣಿಗಳಲ್ಲಿ ಚಿನ್ನ ಇದ್ದದ್ದು ಬೆಣಚಿನ ಎಳೆಗಳಲ್ಲೇ. 1940ರ ದಶಕದಲ್ಲಿ ಅಲ್ಲಿ ನಡೆದ ತಪಾಸಣೆಯಲ್ಲಿ ನೂರಕ್ಕೆ ನಲವತ್ತಕ್ಕೂ ಮಿಕ್ಕಿ ಕಾರ್ಮಿಕರಲ್ಲಿ ಈ ಕಾಯಿಲೆ ಕಂಡುಬಂತು. 1948ರ ಕಾರ್ಖಾನೆ ಕಾಯ್ದೆ ಇದನ್ನು ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಆ ಗಣಿಗಳು 2001ರಲ್ಲಿ ಮುಚ್ಚಿದವು. ಅಲ್ಲಿಂದ ಹೊರಟ ಸುಮಾರು 800 ಟನ್ ಚಿನ್ನದ ಲೆಕ್ಕ ಪುಸ್ತಕಗಳಲ್ಲಿದೆ. ಅದಕ್ಕಾಗಿ ಸವೆದ ಶ್ವಾಸಕೋಶಗಳ ಲೆಕ್ಕ ಎಷ್ಟು ಮಂದಿಗೆ ಗೊತ್ತು? ಮಧ್ಯಪ್ರದೇಶದ ಮಂದಸೌರ್‌ನಲ್ಲಿ ಸ್ಲೇಟು ಕಡ್ಡಿ ಕೊಯ್ಯುವ ಕಾರ್ಮಿಕರನ್ನೂ ಇದೇ ಧೂಳು ಎಳೆಯ ವಯಸ್ಸಿನಲ್ಲೇ ತಿಂದುಹಾಕಿತು. ಶಾಲೆಯಲ್ಲಿ ನಾನು ವರ್ಷಗಟ್ಟಲೆ ಮಕ್ಕಳ ಕೈಗೆ ಸ್ಲೇಟು ಕಡ್ಡಿ ಕೊಟ್ಟೆ. ಅದು ಎಲ್ಲಿಂದ ಬಂತು, ಯಾರ ಉಸಿರಿನಿಂದ ಬಂತು ಎಂದು ಒಂದು ದಿನವೂ ಯೋಚಿಸಲಿಲ್ಲ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಗಿರಣಿಯಲ್ಲಿ ಹತ್ತಿಯ ಧೂಳು ಕುಡಿದ ಸಂಗಾತಿಗಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಶಾಸ್ತ್ರ ಯಾರಿಂದ ಬೆಳೆಯಿತೆಂಬುದನ್ನಾದರೂ ನೋಡೋಣ. ಇಂಗ್ಲೆಂಡಿನ ವಿಲಿಯಂ ಸ್ಮಿತ್ ಕಮ್ಮಾರನ ಮಗ. ಕಲ್ಲಿದ್ದಲ ಗಣಿ, ಕಾಲುವೆಗಳ ಅಳತೆ ಕೆಲಸ ಮಾಡುತ್ತ ನೆಲದ ಪದರಗಳನ್ನು ಗುರುತಿಸಿ, 1815ರಲ್ಲಿ ಇಡೀ ಇಂಗ್ಲೆಂಡಿನ ಶಿಲಾನಕ್ಷೆ ಹೊರತಂದ. 1819ರಲ್ಲಿ ಸಾಲಕ್ಕಾಗಿ ಜೈಲಿಗೆ ಹೋದ. ಶ್ರೀಮಂತರ ಭೂಗರ್ಭ ಸಂಘ ಅವನಿಗೆ ಪದಕ ಕೊಟ್ಟದ್ದು 1831ರಲ್ಲಿ. ಬಡಗಿಯ ಮಗಳು ಮೇರಿ ಆನಿಂಗ್ ಕಡಲತೀರದ ಬಂಡೆಗಳಿಂದ ಪುರಾತನ ಜೀವಿಗಳ ಅಸ್ಥಿಗಳನ್ನು ಬಿಡಿಸಿ ಮಾರಿ ಬದುಕಿದಳು. ವಿದ್ವಾಂಸರು ಅವುಗಳ ಮೇಲೆ ಪ್ರಬಂಧ ಬರೆದು ಹೆಸರು ಪಡೆದರು. ಅವಳು ಸತ್ತದ್ದು 1847ರಲ್ಲಿ. ಆ ಸಂಘ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಂಡದ್ದು 1919ರಲ್ಲಿ. ಸ್ಕಾಟ್ಲೆಂಡಿನ ಹ್ಯೂ ಮಿಲ್ಲರ್ ಕಲ್ಲುಕುಟಿಗ. ಕೆಂಪು ಮರಳುಗಲ್ಲಿನ ಮೇಲೆ 1841ರಲ್ಲಿ ಅವನು ಬರೆದ ಪುಸ್ತಕವನ್ನು ವಿದ್ವಾಂಸರೂ ಮೆಚ್ಚಿದರು. ಅವನ ಶ್ವಾಸಕೋಶಕ್ಕೂ ಕಲ್ಲಿನ ಧೂಳು ಹೊಕ್ಕಿತ್ತು. ಸುತ್ತಿಗೆ ಹಿಡಿದವರು ಬೆಳೆಸಿದ ಶಾಸ್ತ್ರದ ಬಾಗಿಲನ್ನು ಸುತ್ತಿಗೆ ಹಿಡಿದವರಿಗೇ ಮುಚ್ಚುವುದು ಯಾವ ನ್ಯಾಯ?

ಕೂಲಿ ಮೊದಲು, ವಿದ್ಯೆ ಆಮೇಲೆ ಎನ್ನುವ ಸಂಗಾತಿಗಳಿದ್ದಾರೆ. ಅವರ ಕಳಕಳಿ ನನಗೆ ಅರ್ಥವಾಗುತ್ತದೆ. ಆದರೆ ಕ್ರಷರಿಗೆ ನೀರು ಚಿಮುಕಿಸಿ ಎಂದು ಕೇಳಬೇಕಾದರೆ ಧೂಳಿನಲ್ಲಿ ಏನಿದೆಯೆಂದು ತಿಳಿದಿರಬೇಕು. ಮಾಲೀಕನು "ಇದು ಬರೀ ಮಣ್ಣು" ಎಂದಾಗ, "ಅಲ್ಲ, ಬೆಣಚು, ತಟ್ಟೆ ತನ್ನಿ ತೋರಿಸುತ್ತೇವೆ" ಎನ್ನಲು ಬರಬೇಕು. ತಿಳಿವಳಿಕೆಯಿಲ್ಲದ ಬೇಡಿಕೆ ಬೇಗ ಬಾಯಿ ಮುಚ್ಚುತ್ತದೆ.

ವಿಜ್ಞಾನಕ್ಕೆ ಅಡಿಪಾಯ ಬೇಕು, ಎಲ್ಲರೂ ಕಲಿಯಲಾರರು ಎನ್ನುವ ವಿದ್ಯಾವಂತರಿಗೂ ಒಂದು ಮಾತು. ಅಮೆರಿಕದ ಅನೇಕ ಕಾಲೇಜುಗಳಲ್ಲಿ ಸಾಹಿತ್ಯ, ಸಂಗೀತ ಓದುವವರೂ ಪದವಿ ಪಡೆಯಬೇಕಾದರೆ ಪ್ರಯೋಗಶಾಲೆಯಿರುವ ಒಂದು ವಿಜ್ಞಾನವನ್ನು ಕಲಿಯಬೇಕು. ಹೆಚ್ಚು ಗಣಿತ ಬೇಡವೆಂದು ಬಹಳ ಮಂದಿ ಭೂಗರ್ಭಶಾಸ್ತ್ರವನ್ನೇ ಆರಿಸುತ್ತಾರೆ. ನಮ್ಮಲ್ಲಿ ಹದಿನಾರನೆಯ ವಯಸ್ಸಿಗೆ ಕಲಾ ವಿಭಾಗ ಹಿಡಿದವನು ಮತ್ತೆ ಪ್ರಯೋಗಶಾಲೆಯ ಹೊಸ್ತಿಲು ತುಳಿಯುವುದು ಅಪರೂಪ. ಶಾಲೆ ಬಿಟ್ಟು ಕೆಲಸಕ್ಕೆ ಹೋದವನ ಮಾತಂತೂ ಇಲ್ಲವೇ ಇಲ್ಲ. ಸಂಜೆ ಕಾಲೇಜುಗಳಿದ್ದರೂ ಅಲ್ಲಿ ಹೆಚ್ಚಾಗಿ ಕಲಾ, ವಾಣಿಜ್ಯ ಪಾಠಗಳೇ.

ಸಲಕರಣೆಗೆ ಹಣವೆಲ್ಲಿ ಎನ್ನುವಂತೆಯೂ ಇಲ್ಲ. ಒಂದು ಚಾಕು, ತಾಮ್ರದ ಚೂರು, ಗಾಜಿನ ತುಂಡು, ಅಯಸ್ಕಾಂತ, ಕೈಮಸೂರ, ಒಡೆದ ಟೈಲಿನ ಮೆರುಗಿಲ್ಲದ ಬೆನ್ನು, ಒಂದು ಸೀಸೆ ಆಮ್ಲ. ನಿಜವಾಗಿ ದುಬಾರಿಯಾದದ್ದು ಸೂಕ್ಷ್ಮದರ್ಶಕ ಒಂದೇ. ಅದು ಕಾಲೇಜಿನಲ್ಲಿ ಈಗಾಗಲೇ ಇದೆ, ಭಾನುವಾರವೆಲ್ಲ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂತಿರುತ್ತದೆ. ಕಲ್ಲುಗಳನ್ನಂತೂ ನಾವೇ ತಂದುಕೊಡುತ್ತೇವೆ.

ಆದ್ದರಿಂದ ನಮ್ಮ ಜಿಲ್ಲೆಯಲ್ಲಿ ಮೂರು ಬೇಡಿಕೆ ಇಡೋಣ. ಭೂಗರ್ಭಶಾಸ್ತ್ರವಿರುವ ಸರ್ಕಾರಿ ಕಾಲೇಜಿನ ಪ್ರಯೋಗಶಾಲೆ ಭಾನುವಾರ ಬೆಳಗ್ಗೆ ಮೂರು ಗಂಟೆ ಕಾಲ ಕಾರ್ಮಿಕರಿಗೂ ವ್ಯಾಪಾರಿಗಳಿಗೂ ತೆರೆದಿರಲಿ. ಮೆಟ್ರಿಕ್ ಆಗಿರಲಿ ಬಿಡಲಿ, ಓದುಬರಹ ಬಂದರೆ ಸಾಕು. ಪಾಠ ಕನ್ನಡದಲ್ಲಿ ನಡೆಯಲಿ. ಬೆಣಚಿಗೆ ಬೆಣಚು ಎಂದೇ ಚೀಟಿ ಬರೆಯಲಿ, ಕೆಳಗೆ ಶಾಸ್ತ್ರದ ಹೆಸರೂ ಇರಲಿ. ಕ್ವಾರಿ, ಕ್ರಷರುಗಳಲ್ಲಿ ದುಡಿಯುವವರಿಗೆ ಆ ಪಾಠದ ಜೊತೆಗೇ ಧೂಳಿನ ಪಾಠ ಮತ್ತು ಎದೆಯ ತಪಾಸಣೆ ಸೇರಲಿ. ಈ ಬೇಡಿಕೆಯ ಅರ್ಜಿ ಪಕ್ಷದ ಕಚೇರಿಯಲ್ಲಿದೆ. ಬಂದು ಸಹಿ ಹಾಕಿ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿ, ನಾಚಬೇಕಾದವರು ನೀವಲ್ಲ.

ಆ ಹಿರಿಯರು ಅಂದಿನ ಪ್ರಯೋಗಶಾಲೆಯಿಂದ ಹೊರಬಂದಾಗ ಮೆಟ್ಟಿಲ ಮೇಲೆ ಕೂತು ಸ್ವಲ್ಪ ಹೊತ್ತು ಉಸಿರು ತಿರುಗಿಸಿಕೊಂಡರು. ಆಮೇಲೆ, "ಇದನ್ನ ಇಪ್ಪತ್ತು ವರ್ಷ ಮೊದಲೇ ಯಾರಾದರೂ ಹೇಳಬಾರದಿತ್ತಾ ಮೇಷ್ಟ್ರೇ" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಈಗ ಅದೇ ಕ್ರಷರಿನಲ್ಲಿ ಅವರ ಮಗ ಕೆಲಸಕ್ಕಿದ್ದಾನೆ. ಅವನಿಗಾದರೂ ಹೊತ್ತಿಗೆ ಸರಿಯಾಗಿ ಹೇಳೋಣ.