ಗಾಜಿನ ಪೆಟ್ಟಿಗೆಯೊಳಗಿನ ಕಡಲು

ಕುಂಬಳೆ ಕಡೆಯ ವಾಚಕರೊಬ್ಬರ ಪತ್ರ ನಮ್ಮ ಮುಂದಿದೆ. ಅವರ ಮಗ ಮನೆಯಲ್ಲಿ ಉಪ್ಪುನೀರಿನ ಮೀನುಗಳನ್ನು ಸಾಕಲು ತೊಡಗಿದ್ದಾನಂತೆ. ನೀರು ಒಮ್ಮೆ ಹಾಲಿನಂತೆ ಬೆಳ್ಳಗಾಗುತ್ತದೆ, ಇನ್ನೊಮ್ಮೆ ಗಾಜಿನ ಮೇಲೆ ಕಂದು ಪದರ ಕಟ್ಟುತ್ತದೆ. ವಾರಕ್ಕೊಮ್ಮೆ ಕಲ್ಲು ಮರಳುಗಳನ್ನೆಲ್ಲ ಹೊರತೆಗೆದು ಬಾವಿನೀರಿನಲ್ಲಿ ಚೊಕ್ಕಟವಾಗಿ ತೊಳೆದರೂ ಮೀನುಗಳು ಬದುಕುತ್ತಿಲ್ಲ, ಏನು ಮಾಡೋಣ ಎಂದು ಕೇಳಿದ್ದಾರೆ. ತೊಳೆದರೂ ಬದುಕುತ್ತಿಲ್ಲವೆಂಬುದು ಅವರ ಸಂಕಟ. ತೊಳೆಯುವುದರಿಂದಲೇ ಬದುಕುತ್ತಿಲ್ಲವೆಂಬುದು ನಮ್ಮ ಉತ್ತರ.

ಹೀಗೆ ಹೇಳುವ ಅಧಿಕಾರ ನಮಗೆ ನಷ್ಟದಿಂದಲೇ ಬಂದುದು. ಮೊಮ್ಮಗನ ಹಟಕ್ಕೆ ಸೋತು ನಮ್ಮ ಜಗಲಿಯಲ್ಲಿಯೂ ಇನ್ನೂರು ಲೀಟರು ಹಿಡಿಯುವ ಗಾಜಿನ ತೊಟ್ಟಿಯೊಂದನ್ನು ಇರಿಸಿದ್ದೇವೆ. ಅದರಲ್ಲಿ ಮರಿ ಸಾಕಣೆಯ ಕೇಂದ್ರದಿಂದ ತಂದ ಎರಡು ಕೋಡಂಗಿ ಮೀನುಗಳಿವೆ. ಹವಳವಿಲ್ಲ. ದಿಬ್ಬ ಕಟ್ಟುವ ಹವಳಗಳೆಲ್ಲವೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪಟ್ಟಿಗೆ ಸೇರಿವೆ. ಅವನ್ನು ಕಡಲಿನಿಂದ ಕಿತ್ತು ಮನೆಗೆ ತರುವುದು ಅಪರಾಧ. ಆದುದರಿಂದ ರಂಧ್ರಗಳುಳ್ಳ ಕೃತಕ ಕಲ್ಲುಗಳಿಂದಲೇ ದಿಬ್ಬವನ್ನು ಕಟ್ಟಿದೆವು. ಹವಳದ ದ್ವೀಪಗಳೇನೂ ನಮಗೆ ಪರಕೀಯವಲ್ಲ. ಅಮಿನಿ, ಕಡಮತ್, ಕಿಲ್ತಾನ್ ದ್ವೀಪಗಳು ನಮ್ಮ ಕಾಸರಗೋಡಿನಂತೆಯೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದು, 1956ರ ನವೆಂಬರ್ 1ರಂದು ನಮ್ಮೊಂದಿಗೇ ಅದರಿಂದ ಬೇರೆಯಾದುವು. ಇರಲಿ, ವಿಷಯಕ್ಕೆ ಬರೋಣ.

ಮೀನಿನ ಮಲದಿಂದಲೂ ಉಳಿದ ತಿಂಡಿಯಿಂದಲೂ ನೀರಿನಲ್ಲಿ ಅಮೋನಿಯಾ ಹುಟ್ಟುತ್ತದೆ. ಕಡಲ ನೀರು ಕ್ಷಾರಗುಣದ್ದಾದುದರಿಂದ, ಅಷ್ಟೇ ಅಮೋನಿಯಾ ಸಿಹಿನೀರಿನಲ್ಲಿರುವುದಕ್ಕಿಂತ ಇಲ್ಲಿ ಹೆಚ್ಚು ವಿಷಕರ. ಕಲ್ಲು ಮರಳುಗಳ ಮೇಲೆ ನೆಲೆಸಿದ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟನ್ನಾಗಿಯೂ, ಇನ್ನೊಂದು ಬಗೆಯವು ಅದನ್ನು ಅಷ್ಟೇನೂ ಕೆಡುಕು ಮಾಡದ ನೈಟ್ರೇಟನ್ನಾಗಿಯೂ ಮಾರ್ಪಡಿಸುತ್ತವೆ. ಈ ಸಂಸಾರ ನೆಲೆಯೂರಲು ನಾಲ್ಕರಿಂದ ಆರು ವಾರಗಳು ಬೇಕು. ನಾವು ಗೃಹಸ್ಥರು, ಕೊಳೆ ಕಂಡರೆ ಸಹಿಸೆವು. ಬ್ರಷ್ಷು ಹಿಡಿದು ಬಾವಿನೀರಿನಲ್ಲಿ ಉಜ್ಜಿದಾಗ ಕೊಚ್ಚಿಹೋಗುವುದು ಆ ಸಂಸಾರವೇ. ಮರುದಿನದಿಂದ ಅಮೋನಿಯಾ ಏರುತ್ತದೆ, ಐದಾರು ದಿನಗಳಲ್ಲಿ ಮೀನು ಸಾಯುತ್ತದೆ, ಕೊಳೆಯಿಂದಲೇ ಸತ್ತಿತೆಂದು ನಾವು ಮತ್ತೊಮ್ಮೆ ಉಜ್ಜುತ್ತೇವೆ. ವಾಚಕರ ಮನೆಯಲ್ಲಿ ನಡೆದಿರುವುದು ಇದೇ ಎಂದು ನಮ್ಮ ಊಹೆ. ಹಾಲಿನಂತಹ ಬಿಳುಪು ಸಾಮಾನ್ಯವಾಗಿ ತಿಂಡಿ ಹೆಚ್ಚಾದುದರ ಕುರುಹು. ಕಂದು ಪದರವು ಹೊಸ ತೊಟ್ಟಿಯಲ್ಲಿ ಕೆಲವು ವಾರಗಳ ಬಳಿಕ ತಾನಾಗಿಯೇ ಇಳಿಯುವಂಥದು. ಎರಡಕ್ಕೂ ತೊಳೆತ ಬೇಡ. ಹತ್ತರಲ್ಲಿ ಒಂದು ಪಾಲು ನೀರನ್ನು ತೆಗೆದು, ಅಷ್ಟೇ ಉಪ್ಪಿನ, ಅಷ್ಟೇ ಬಿಸುಪಿನ ಹೊಸ ನೀರನ್ನು ತುಂಬಿದರೆ ಸಾಕು.

ಎರಡನೆಯದು ಉಪ್ಪಿನ ವಿಚಾರ. ಸಾರು ಕುದಿದು ಬತ್ತಿದರೆ ಗೃಹಿಣಿಯು ಅದಕ್ಕೆ ನೀರನ್ನು ಬೆರೆಸುವಳೇ ಹೊರತು ಉಪ್ಪನ್ನಲ್ಲ. ಆದರೆ ತೊಟ್ಟಿಯ ನೀರು ಆವಿಯಾಗಿ ಇಳಿದಾಗ ನಾವು ಮೂರು ತಿಂಗಳು ಉಪ್ಪುನೀರನ್ನೇ ಸುರಿಯುತ್ತ ಬಂದೆವು! ಆವಿಯಾಗುವುದು ನೀರು, ಉಪ್ಪು ಉಳಿಯುತ್ತದೆ. ಇಳಿದಷ್ಟಕ್ಕೆ ಶುದ್ಧೀಕರಿಸಿದ ಸಿಹಿನೀರನ್ನೇ ಸೇರಿಸಬೇಕು. ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸಿನಲ್ಲಿರಬೇಕು. ಅಳೆಯುವ ಸಾಧನದ ಮುಳ್ಳಿಗೆ ಗಾಳಿಯ ಗುಳ್ಳೆ ಅಂಟಿದ್ದರೆ ಅದು ಸುಳ್ಳು ಹೇಳುತ್ತದೆ. ತಟ್ಟಿ ಗುಳ್ಳೆ ಬಿಡಿಸಿಯೇ ನೋಡಬೇಕು. ಮಳೆಗಾಲದಲ್ಲಿ ಹೊಳೆಬಾಗಿಲಿನ ಬಳಿಯ ಕಡಲನೀರನ್ನು ತರಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಇಷ್ಟನ್ನು ಕಲಿತ ಮೇಲೆ ತೊಟ್ಟಿ ಒಂದು ವರ್ಷ ಚೆನ್ನಾಗಿತ್ತು. ಎರಡು ಕೆಂಪು ಪಟ್ಟೆಯ ಸೀಗಡಿಗಳೂ ಐದಾರು ಶಂಖದ ಹುಳುಗಳೂ ಬಂದು ಸೇರಿದುವು. ಸೀಗಡಿಯು ಮೊಮ್ಮಗನ ಬೆರಳ ಮೇಲೆ ಹತ್ತಿ ಉಗುರಿನ ಸಂದು ಕೆದಕುವಷ್ಟು ಸಲುಗೆ ಬೆಳೆಸಿತ್ತು. ಜೂನ್ ತಿಂಗಳ ಒಂದು ಬೆಳಗ್ಗೆ ಎರಡು ಸೀಗಡಿಗಳೂ ಮಗುಚಿ ಬಿದ್ದಿದ್ದುವು. ಸಂಜೆಯೊಳಗೆ ಶಂಖದ ಹುಳುಗಳೂ ಗಾಜಿನಿಂದ ಉದುರಿದುವು. ತಿಂಡಿ ಹೆಚ್ಚು ಸುರಿದೆಯೆಂದು ನಾವು ಮೊಮ್ಮಗನನ್ನು ಗದರಿಸಿದೆವು. ಹುಡುಗ ಎರಡು ದಿನ ಜಗಲಿಯ ಕಡೆಗೆ ಸುಳಿಯಲಿಲ್ಲ.

ಅಮೋನಿಯಾ ಪರೀಕ್ಷಿಸಿದೆವು, ಸೊನ್ನೆ. ನೈಟ್ರೈಟ್ ಸೊನ್ನೆ. ಉಪ್ಪು, ಬಿಸುಪು ಸರಿಯಾಗಿದ್ದುವು. ಮೂರನೆಯ ದಿನ ಹುಡುಗನೇ ಬಾಗಿಲ ಮರೆಯಲ್ಲಿ ನಿಂತು ಕೇಳಿದ: “ಅಜ್ಜಾ, ತಿಂಡಿಯಿಂದ ನೀರು ಕೆಟ್ಟಿದ್ದರೆ ಮೀನೂ ಸಾಯಬೇಕಿತ್ತಲ್ಲ?” ಮೀನುಗಳು ಹಾಯಾಗಿ ಈಜುತ್ತಿದ್ದುವು. ಆಗ ನಮಗೆ ಹೊಳೆಯಿತು. ಮೀನನ್ನು ಬಿಟ್ಟು, ಬೆನ್ನುಮೂಳೆಯಿಲ್ಲದ ಪ್ರಾಣಿಗಳನ್ನಷ್ಟೇ ಆರಿಸಿ ಕೊಲ್ಲುವ ವಿಷಗಳಲ್ಲಿ ಮೊದಲು ಸಂಶಯಿಸಬೇಕಾದುದು ತಾಮ್ರ. ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ತಾಮ್ರವನ್ನು ಮೀನಿನ ರೋಗಕ್ಕೆ ಔಷಧವಾಗಿಯೇ ಕೊಡುವುದುಂಟು. ಅದಕ್ಕಿಂತ ಎಷ್ಟೋ ಕಡಿಮೆಯೂ ಸೀಗಡಿಗೆ ಮೃತ್ಯು. ಸೀಗಡಿಯ ನೆತ್ತರಿನಲ್ಲಿ ಪ್ರಾಣವಾಯುವನ್ನು ಹೊರುವುದೂ ತಾಮ್ರವೇ ಎಂಬುದು ಸೋಜಿಗ.

ಜೂನ್ ತಿಂಗಳು, ತಾಮ್ರ ಎಂದ ಮೇಲೆ ಅಡಿಕೆ ತೋಟವುಳ್ಳ ವಾಚಕರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕಾಲ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದಾದುದರಿಂದ ಪ್ಲಾಸ್ಟಿಕ್ ಬಾಲ್ದಿಯನ್ನು ಬಳಸುತ್ತೇವೆ. ಕೊಟ್ಟಿಗೆಗೆ ಹೋಗಿ ನೋಡಿದೆವು. ತೊಟ್ಟಿಗೆ ನೀರು ಹೊರುವ ಬಾಲ್ದಿಯ ತಳದ ಅಂಚಿನಲ್ಲಿ ಎಳೆನೀಲಿಯ ಗೆರೆಯೊಂದಿತ್ತು. ಆಳು ಬರದ ದಿನ, ಆತುರದಲ್ಲಿ ಅದನ್ನು ಎತ್ತಿಕೊಂಡವರು ನಾವೇ. ಒಂದು ಸಲ ನೀರು ಕುಲುಕಿ ಚೆಲ್ಲಿ ಮತ್ತೆ ಅದರಲ್ಲಿಯೇ ತೊಟ್ಟಿಗೆ ನೀರು ಹೊಯ್ದವರೂ ನಾವೇ. ಪರೀಕ್ಷೆಯಲ್ಲಿ ತಾಮ್ರ ಸ್ಪಷ್ಟವಾಗಿ ಕಂಡಿತು.

ಮೊಮ್ಮಗನನ್ನು ಕರೆದು ಬಾಲ್ದಿಯನ್ನು ತೋರಿಸಿ, ತಪ್ಪು ನಮ್ಮದೆಂದು ಹೇಳಿದೆವು. ಎಪ್ಪತ್ತು ದಾಟಿದವರಿಗೆ ಹತ್ತು ವರ್ಷದವನ ಮುಂದೆ ಆ ಮಾತನ್ನಾಡುವುದು ಸುಲಭವಲ್ಲ.

ಒಂದು ವಾರದಲ್ಲಿ ಮೂರು ಸಲ ಮೂರರಲ್ಲೊಂದು ಪಾಲು ನೀರನ್ನು ಬದಲಿಸಿದೆವು. ಸಕ್ರಿಯ ಇದ್ದಿಲಿನ ಚೀಲವನ್ನು ನೀರಿನ ಹರಿವಿಗೆ ಕಟ್ಟಿದೆವು. ತಾಮ್ರವು ಕಲ್ಲಿಗೂ ಮರಳಿಗೂ ಅಂಟಿಕೊಂಡು ಮೆಲ್ಲಮೆಲ್ಲನೆ ಮತ್ತೆ ಬಿಡುಗಡೆಯಾಗುವ ಗುಣವುಳ್ಳದ್ದು. ಆದುದರಿಂದ ಒಂದೊಂದು ವಾರಕ್ಕೆ ಸ್ವಲ್ಪ ಸ್ವಲ್ಪವಾಗಿ ಹಳೆಯ ಕಲ್ಲನ್ನು ತೆಗೆದು ಹೊಸದನ್ನಿರಿಸಿದೆವು. ಒಮ್ಮೆಲೇ ಎಲ್ಲವನ್ನೂ ತೆಗೆದಿದ್ದರೆ ಮೊದಲು ಹೇಳಿದ ಬ್ಯಾಕ್ಟೀರಿಯಾದ ಸಂಸಾರವನ್ನೇ ಕಳೆದುಕೊಂಡು ಮೀನುಗಳನ್ನೂ ಕೊಲ್ಲುತ್ತಿದ್ದೆವು. ಮೂರು ತಿಂಗಳ ಬಳಿಕ ಒಂದೇ ಒಂದು ಶಂಖದ ಹುಳುವನ್ನು ಬಿಟ್ಟು ನೋಡಿದೆವು. ಅದು ಗಾಜನ್ನು ಹತ್ತಿತು.

ಕುಂಬಳೆಯ ವಾಚಕರು ಮೊದಲು ತೊಳೆಯುವುದನ್ನು ನಿಲ್ಲಿಸಲಿ; ಮೀನು ತರುವುದನ್ನು ಆರು ವಾರ ತಡೆಹಿಡಿಯಲಿ; ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಗೆ ಬಂದ ಮೇಲೆ ಒಂದೇ ಒಂದು ಮೀನಿನಿಂದ ಪ್ರಾರಂಭಿಸಲಿ. ತೋಟವಿದ್ದರೆ ತೊಟ್ಟಿಗೊಂದು ಬೇರೆಯೇ ಬಾಲ್ದಿಯಿರಲಿ. ನಮ್ಮ ಮನೆಯಲ್ಲಿ ಅದಕ್ಕೆಂದೇ ಬಿಳಿಯ ಬಾಲ್ದಿಯೊಂದನ್ನು ಕೊಂಡಿದ್ದೇವೆ. ಅದರ ಮೇಲೆ ಮೊಮ್ಮಗ, ಆಳುಗಳಿಗೂ ತಿಳಿಯಲೆಂದು ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ದೊಡ್ಡ ಅಕ್ಷರಗಳಲ್ಲಿ ಬರೆದಿದ್ದಾನೆ: “ಅಜ್ಜ ಮುಟ್ಟಬಾರದು.”