ಅಗ್ಗವಾದುದೆಲ್ಲ ಕಳಪೆಯೇ?

ನಮ್ಮ ತೋಟಗಳಲ್ಲಿ ಕಾರ್ಬನ್ ದೋಟಿಯನ್ನು ಕಾಣದವರು ಈಗ ವಿರಳ. ಮರವೇರುವವರು ಸಿಗದಾದ ಮೇಲೆ ಎತ್ತರದ ಅಡಿಕೆಗೊನೆಯನ್ನು ನೆಲದಲ್ಲೇ ನಿಂತು ಕೊಯ್ಯುವುದಕ್ಕೂ ಮದ್ದು ಬಿಡುವುದಕ್ಕೂ ಅದು ನೆರವಾಗಿದೆ. ಹಗುರವಾದರೂ ಬಲವುಳ್ಳ ಅದೇ ಕಾರ್ಬನ್ ಎಳೆಯಿಂದ ರಸ್ತೆ ಓಟದ ಸೈಕಲುಗಳನ್ನೂ ಮಾಡುತ್ತಾರೆ.

ಈ ವರ್ಷ ನಮ್ಮ ಹತ್ತನೆಯ ತರಗತಿಯಲ್ಲಿ ಅಂತಹ ಸೈಕಲಿನ ಬಗ್ಗೆ ಒಂದು ವಾದವೇ ನಡೆಯಿತು. ಗೆಳೆಯನೊಬ್ಬನ ಅಣ್ಣ ಕೊಲ್ಲಿ ನಾಡಿನಲ್ಲಿ ದುಡಿಯುತ್ತಿದ್ದಾನೆ. ಊರಿಗೆ ಬರುವಾಗ ಒಂದು ಸೈಕಲ್ ತರಬೇಕೆಂದು ಎರಡರ ಚಿತ್ರ ಕಳುಹಿಸಿದ್ದನು. ನೋಟಕ್ಕೆ ಎರಡೂ ಅವಳಿಜವಳಿ. ಬೆಲೆ ಮಾತ್ರ ಒಂದಕ್ಕೆ ಇನ್ನೊಂದರ ಅರ್ಧ. “ಅರ್ಧ ಬೆಲೆಯದ್ದು ಡೂಪ್ಲಿಕೇಟ್” ಎಂದು ನಮ್ಮಲ್ಲಿ ಕೆಲವರು ನಕ್ಕೆವು. ಗೆಳೆಯನ ಮುಖ ಸಣ್ಣದಾಯಿತು. ಆದರೆ ಬೆಲೆ ಏಕೆ ಕಡಿಮೆಯೆಂದು ನಕ್ಕವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಆ ನಾಚಿಕೆಯೇ ಈ ಲೇಖನಕ್ಕೆ ಕಾರಣ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತಾರೆ. ಹಾಗೆಯೇ ಕಪ್ಪಗಿರುವುದೆಲ್ಲ ಒಂದೇ ಕಾರ್ಬನ್ನೂ ಅಲ್ಲ. ತಲೆಗೂದಲಿಗಿಂತ ಎಷ್ಟೋ ತೆಳ್ಳಗಿನ ಎಳೆಗಳನ್ನು ಅಂಟಿನಲ್ಲಿ ನೆನೆಸಿ ಹಾಳೆ ಮಾಡುತ್ತಾರೆ. ಆ ಹಾಳೆಯನ್ನು ನೂರಾರು ತುಂಡುಗಳಾಗಿ ಕತ್ತರಿಸಿ, ಕೈಯಿಂದಲೇ ಅಚ್ಚಿನೊಳಗೆ ಜೋಡಿಸಿ, ಬಿಸಿ ಕೊಟ್ಟು ಗಟ್ಟಿ ಮಾಡಿದಾಗ ಫ್ರೇಮ್ ಆಗುತ್ತದೆ. ಹೆಚ್ಚು ಬಿಗುವಿನ ಎಳೆ ದುಬಾರಿ. ಅದನ್ನು ಕಡಿಮೆ ಬಳಸಿದರೂ ಸಾಕು. ಸಾಧಾರಣ ಎಳೆಯನ್ನು ತುಸು ಹೆಚ್ಚು ಬಳಸಬೇಕು; ಫ್ರೇಮ್ ನೂರಿನ್ನೂರು ಗ್ರಾಂ ಭಾರವಾಗುತ್ತದೆ. ಅಂದರೆ ಒಂದು ಲೋಟ ನೀರಿನಷ್ಟು! ಈ ಭಾರದಿಂದ ಫ್ರೇಮಿನ ಬಾಳಿಕೆ ಕಡಿಮೆಯಾಗುವುದಿಲ್ಲ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು 2000ದಿಂದ ಪಂದ್ಯದ ಸೈಕಲಿಗೆ 6.8 ಕಿಲೋಗ್ರಾಂ ಎಂಬ ಕನಿಷ್ಠ ತೂಕವನ್ನೇ ವಿಧಿಸಿದೆ. ಹಗುರತನದ ಆಸೆಗೂ ಮಿತಿಯುಂಟು.

ಇನ್ನು ಫ್ರೇಮಿಗೆ ಜೋಡಿಸುವ ಭಾಗಗಳು. ಗೇರು, ಬ್ರೇಕುಗಳನ್ನು ಮಾಡುವ ಜಪಾನಿನ ಶಿಮಾನೊ ಸಂಸ್ಥೆಯಲ್ಲಿ ಡ್ಯುರಾ-ಏಸ್, ಅಲ್ಟೆಗ್ರಾ, 105 ಎಂಬ ದರ್ಜೆಗಳಿವೆ. ಬೆಲೆಯ ಅಂತರ ದೊಡ್ಡದು. ಆದರೆ ಕೆಳಗಿನ 105 ಕೂಡ ನಂಬಿಕೆಗೆ ಅರ್ಹವಾದದ್ದೇ. ಚಕ್ರವು ಕಾರ್ಬನ್ನಿನದೋ ಅಲ್ಯೂಮಿನಿಯಮ್ಮಿನದೋ ಎಂಬುದರಿಂದಲೂ ಬೆಲೆ ಏರಿಳಿಯುತ್ತದೆ.

ಮಾರಾಟದ ರೀತಿಯೂ ಮುಖ್ಯ. ತೈವಾನಿನಲ್ಲಿ 1972ರಲ್ಲಿ ಆರಂಭವಾದ ಜೈಂಟ್ ಸಂಸ್ಥೆ ಮೊದಲು ಬೇರೆಯವರ ಹೆಸರಿಗೆ ಸೈಕಲ್ ಮಾಡಿಕೊಡುತ್ತಿತ್ತು. ಬಳಿಕ ತನ್ನದೇ ಹೆಸರಿನಲ್ಲಿ ಮಾರತೊಡಗಿತು. ಜರ್ಮನಿಯ ಕೋಬ್ಲೆನ್ಸಿನ ಕ್ಯಾನ್ಯನ್ ಸಂಸ್ಥೆ ಮುಖ್ಯವಾಗಿ ಇಂಟರ್ನೆಟ್ಟಿನ ಮೂಲಕ ನೇರವಾಗಿ ಗಿರಾಕಿಗೇ ಮಾರುತ್ತದೆ. ನಡುವಿನವರ ಪಾಲು ಎಂದರೇನೆಂದು ಅಡಿಕೆ ಬೆಳೆಗಾರರ ಮನೆಯವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1973ರಲ್ಲಿ ಕರ್ನಾಟಕ, ಕೇರಳಗಳ ಬೆಳೆಗಾರರು ಸೇರಿ ಕ್ಯಾಂಪ್ಕೋ ಕಟ್ಟಿದ ಕತೆಯನ್ನು ಅಜ್ಜಂದಿರಿಂದ ಕೇಳಿದ್ದೇವೆ. ಹಳೆಯ ವರ್ಷದ ಮಾದರಿಯೆಂದು ಬೆಲೆ ಇಳಿಸುವುದುಂಟು. ಓಟದ ತಂಡಗಳನ್ನು ಸಾಕುವ ಖರ್ಚು, ಜಾಹೀರಾತಿನ ಖರ್ಚು ಇಲ್ಲದವರೂ ಕಡಿಮೆಗೆ ಕೊಡಬಲ್ಲರು.

ಆದರೆ ನೇರ ಮಾರಾಟದಲ್ಲಿ ಉಳಿದ ಹಣವೆಲ್ಲ ಲಾಭವೆಂದು ಎಣಿಸಬಾರದು. ಅಂಗಡಿಯವರು ನಮ್ಮ ಎತ್ತರ ನೋಡಿ ಸರಿಯಾದ ಅಳತೆಯದನ್ನು ಕೊಡುತ್ತಾರೆ, ಕೆಟ್ಟಾಗ ರಿಪೇರಿ ಮಾಡುತ್ತಾರೆ. ಪೆಟ್ಟಿಗೆಯಲ್ಲಿ ಬಂದ ಸೈಕಲನ್ನು ನಾವೇ ಜೋಡಿಸಬೇಕು. ಬೋಲ್ಟನ್ನು ಅತಿಯಾಗಿ ಬಿಗಿದರೆ ಕಾರ್ಬನ್ ಬಿರುಕು ಬಿಡಬಹುದು.

ಎಲ್ಲಕ್ಕಿಂತ ಭಯಾನಕವಾದುದು ಇನ್ನೊಂದು ಬಗೆಯ ಅಗ್ಗ. ಹೆಸರಾಂತ ಸಂಸ್ಥೆಯ ಹೆಸರು ಬರೆದ ನಕಲಿ ಫ್ರೇಮುಗಳೂ ಮಾರಾಟಕ್ಕಿವೆ. ಅಲ್ಲಿ ಉಳಿಸಿದ್ದು ಪರೀಕ್ಷೆಯ ಖರ್ಚನ್ನು, ಮುಂದಿನ ಹೊಣೆಯನ್ನು. ಉಕ್ಕಾದರೆ ಮೊದಲು ಬಾಗಿ ಎಚ್ಚರಿಕೆ ಕೊಡುತ್ತದೆ. ಕಾರ್ಬನ್ ಬಾಗದೆ ಒಮ್ಮೆಗೇ ಮುರಿಯಬಲ್ಲುದು. ಬಣ್ಣದ ಅಡಿಯ ಬಿರುಕು ಕಣ್ಣಿಗೆ ಕಾಣದು. ನಮ್ಮ ಇಳಿಜಾರಿನ ರಸ್ತೆಗಳಲ್ಲಿ ಹಾಗಾದರೆ ಉಳಿಸಿದ ಹಣದಿಂದ ಏನು ಪ್ರಯೋಜನ? ಅಪರಿಚಿತರಿಂದ ಹಳೆಯ ಕಾರ್ಬನ್ ಸೈಕಲ್ ಕೊಳ್ಳುವಾಗಲೂ ಈ ಮಾತು ನೆನಪಿರಲಿ.

ಆದುದರಿಂದ ನಮ್ಮ ಅಭಿಪ್ರಾಯ ಇಷ್ಟೆ: ಬೆಲೆ ಕಡಿಮೆಯೆಂದು ಹೀಗಳೆಯುವುದೂ ಸಲ್ಲದು, ಹಿಗ್ಗುವುದೂ ಸಲ್ಲದು. ಉಳಿಸಿದ್ದು ಎಲ್ಲಿ ಎಂದು ಕೇಳಬೇಕು. ಜಾಹೀರಾತಿನಲ್ಲಿ, ಹೊಳಪಿನಲ್ಲಿ, ಲೋಟ ನೀರಿನ ತೂಕದಲ್ಲಿ ಉಳಿಸಿದ್ದರೆ ಅದು ಜಾಣತನ. ಸವಾರನ ಜೀವದ ವಿಷಯದಲ್ಲಿ ಉಳಿಸಿದ್ದರೆ ಅದು ಮೋಸ. ದೋಟಿ ಕೊಳ್ಳುವಾಗ ಅಪ್ಪಂದಿರು ಮಾಡಿದವರು ಯಾರು, ಮುರಿದರೆ ಜವಾಬ್ದಾರಿ ಯಾರದು ಎಂದು ವಿಚಾರಿಸುತ್ತಾರಲ್ಲವೇ? ಮಕ್ಕಳು ಹಟ ಹಿಡಿದಾಗ ಸೈಕಲಿಗೂ ಅದೇ ಪ್ರಶ್ನೆ ಕೇಳಿರೆಂದು ಹೆತ್ತವರಲ್ಲಿ ನಮ್ಮ ವಿನಂತಿ.

ನಮ್ಮ ಗೆಳೆಯ ಅದೇ ಪ್ರಶ್ನೆಗಳನ್ನು ಅಣ್ಣನಿಗೆ ಕಳುಹಿಸಿದನು. ಅರ್ಧ ಬೆಲೆಯ ಸೈಕಲ್ ನೇರ ಮಾರಾಟದ್ದು, ಮಾಡಿದವರ ಗ್ಯಾರಂಟಿಯೂ ಇದೆ ಎಂದು ಉತ್ತರ ಬಂತು. ಅದು ಊರಿಗೆ ಬಂದ ದಿನ, ಅಂದು ನಕ್ಕ ನಾವೇ ಮೊದಲು ಹೋಗಿ ಅವನ ಕೈ ಕುಲುಕಬೇಕೆಂದು ನಿಶ್ಚಯಿಸಿದ್ದೇವೆ.